ಅಸಿಡಿಟಿ, ಎದೆಯುರಿ ಮಾತ್ರೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

"ಖಾಲಿ ಹೊಟ್ಟೆಗೆ ತಗೊಳ್ಳೋ ಗ್ಯಾಸ್ಟ್ರಿಕ್ ಮಾತ್ರೆ ಎರಡು ಕೊಡಿ." ಮೆಡಿಕಲ್ ಶಾಪ್ ಬಾಗಿಲು ತೆಗೆದಾಗಿನಿಂದ ಮುಚ್ಚುವವರೆಗೆ ಕೌಂಟರಿನಲ್ಲಿ ಕೇಳಿಬರುವ ಮಾತು ಇದು. ನಾನು ಫಾರ್ಮಸಿಸ್ಟ್. ಈ ಮಾತ್ರೆಗಳು ಕೆಟ್ಟವು ಅಂತ ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ, ಬೇಕಾದವರಿಗೆ ಇವು ಜೀವ ಉಳಿಸುವ ಔಷಧಿಗಳೇ. ಆದರೆ ಯಾಕೆ ತಗೊಳ್ಳುತ್ತಿದ್ದೇವೆ, ಯಾವತ್ತಿಗೆ ನಿಲ್ಲಿಸಬೇಕು ಎನ್ನುವ ಎರಡೇ ಎರಡು ವಿಷಯ ಗೊತ್ತಿಲ್ಲದೆ ವರ್ಷಗಟ್ಟಲೆ ನುಂಗುತ್ತಿರುವವರು ತುಂಬಾ ಜನ ಇದ್ದಾರೆ. ಅವರಿಗೂ ಅವರ ಮನೆಯವರಿಗೂ ಇದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇದನ್ನು ಓದಿ ಡಾಕ್ಟರ್ ಬರೆದುಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಚೀಟಿ ಹಿಡಿದುಕೊಂಡು ಹೋಗಿ ಅವರನ್ನೇ ಕೇಳಿ.

ಎದೆ ಉರಿಯುತ್ತಿದೆ. ಇದು ಬರೀ ಅಸಿಡಿಟಿನಾ ಅಥವಾ ಹಾರ್ಟ್ ತೊಂದರೆನಾ, ಹೇಗೆ ತಿಳಿಯೋದು?

ಮನೆಯಲ್ಲಿ ಕೂತು ಖಚಿತವಾಗಿ ತಿಳಿಯಲು ಆಗುವುದಿಲ್ಲ. ಅದಕ್ಕೇ ಈ ಪ್ರಶ್ನೆ ಎಲ್ಲಕ್ಕಿಂತ ಮೇಲೆ ಇರಬೇಕು.

ಸಾಮಾನ್ಯವಾಗಿ ಆಸಿಡ್‌ನಿಂದ ಬರುವ ಉರಿ ಊಟ ಆದಮೇಲೆ, ಬಗ್ಗಿದಾಗ, ಮಲಗಿದಾಗ ಜಾಸ್ತಿ. ಬಾಯಿಗೆ ಹುಳಿ ನೀರು ಬರುತ್ತದೆ, ಹುಳಿತೇಗು ಇರುತ್ತದೆ. ಹಾರ್ಟಿನದು ಹೆಚ್ಚಾಗಿ ಎದೆಯ ಮೇಲೆ ಭಾರ ಇಟ್ಟ ಹಾಗೆ ಅಥವಾ ಹಿಂಡಿದ ಹಾಗೆ ಇರುತ್ತದೆ, ನಡೆದರೆ ಮೆಟ್ಟಿಲು ಹತ್ತಿದರೆ ಜಾಸ್ತಿಯಾಗುತ್ತದೆ, ಎಡಗೈಗೆ, ದವಡೆಗೆ, ಬೆನ್ನಿಗೆ ಹರಡಬಹುದು, ತಣ್ಣಗೆ ಬೆವರು ಬರಬಹುದು, ಉಸಿರು ಕಟ್ಟಬಹುದು. ಆದರೆ ಪುಸ್ತಕದಲ್ಲಿ ಬರೆದ ಹಾಗೆ ಎಲ್ಲರಿಗೂ ಬರುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಹಾರ್ಟ್ ಅಟ್ಯಾಕ್ ಬರೀ ಹೊಟ್ಟೆ ಮೇಲ್ಭಾಗದ ಉರಿ, ವಾಕರಿಕೆ, ಸುಸ್ತಾಗಿಯೂ ಬರಬಹುದು.

ಇನ್ನೊಂದು ತಪ್ಪು ಲೆಕ್ಕ ಇದೆ. "ಈನೋ ಕುಡಿದೆ, ಸ್ವಲ್ಪ ಕಡಿಮೆ ಆಯ್ತು, ಹಾಗಾದರೆ ಗ್ಯಾಸೇ" ಅಂತ ಸುಮ್ಮನಾಗುವುದು. ಹಾರ್ಟಿನ ನೋವು ಕೂಡ ನಡುವೆ ಕಡಿಮೆಯಾಗಿ ಮತ್ತೆ ಬರಬಹುದು. ಆಂಟಾಸಿಡ್ ಕುಡಿದಾಗ ನೋವು ಇಳಿಯಿತು ಎನ್ನುವುದು ಹಾರ್ಟ್ ಚೆನ್ನಾಗಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ. ಬೆವರು, ಉಸಿರಾಟದ ತೊಂದರೆ, ಕೈಗೆ ದವಡೆಗೆ ಹರಡುವ ನೋವು ಇದ್ದರೆ, ಅಥವಾ ನಲವತ್ತು ದಾಟಿದವರಿಗೆ, ಬಿಪಿ ಶುಗರ್ ಇರುವವರಿಗೆ, ಸಿಗರೇಟು ಸೇದುವವರಿಗೆ ಹೊಸದಾಗಿ ಇಂಥ ನೋವು ಬಂದರೆ ಮಾತ್ರೆ ಹುಡುಕಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಕರ್ನಾಟಕದಲ್ಲಿ ಡಾ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ಅಗತ್ಯವಿದ್ದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಮಧ್ಯರಾತ್ರಿ ಅಂತ ಬೆಳಗಾಗುವವರೆಗೆ ಕಾಯಬೇಡಿ. ಇಸಿಜಿ ಮಾಡಿಸಿ ಗ್ಯಾಸ್ ಅಂತ ಗೊತ್ತಾದರೆ ಒಳ್ಳೆಯದೇ ಆಯಿತು, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಹೊಟ್ಟೆಯಲ್ಲಿ ಆಸಿಡ್ ಇರುವುದೇ ತೊಂದರೆ ಅಲ್ವಾ?

ಅಲ್ಲ. ಆಸಿಡ್ ಇರಲೇಬೇಕು. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಜಠರರಸ ತಯಾರಾಗುತ್ತದೆ. ಊಟದ ಜೊತೆ ಒಳಗೆ ಹೋದ ಕ್ರಿಮಿಗಳನ್ನು ಅದು ಕೊಲ್ಲುತ್ತದೆ, ಪ್ರೋಟೀನ್ ಜೀರ್ಣಕ್ಕೆ ಬೇಕು, ಕಬ್ಬಿಣ ಮತ್ತು ಬಿ12 ಮೈಗೆ ಹತ್ತಲು ಬೇಕು. ಆಸಿಡ್ ಹೊಟ್ಟೆ ಬಿಟ್ಟು ಅನ್ನನಾಳಕ್ಕೆ ಏರಿದಾಗ, ಇಲ್ಲವೇ ಹೊಟ್ಟೆಯ ಒಳಪದರ ಹಾಳಾಗಿ ಹುಣ್ಣಾದಾಗ ಮಾತ್ರ ಅದನ್ನು ಕಡಿಮೆ ಮಾಡುವ ಪ್ರಶ್ನೆ ಬರುತ್ತದೆ.

ಅಂಗಡಿಯಲ್ಲಿ ಇಷ್ಟೊಂದು ಹೆಸರಿನ ಮಾತ್ರೆ, ಸಿರಪ್ ಇವೆ. ಎಲ್ಲ ಒಂದೇನಾ?

ಹೆಸರು ನೂರಿದ್ದರೂ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಆಂಟಾಸಿಡ್. ಜೆಲುಸಿಲ್, ಡೈಜೀನ್, ಈನೋ ಈ ಗುಂಪಿನವು. ಇವು ಈಗಾಗಲೇ ಹೊಟ್ಟೆಯಲ್ಲಿರುವ ಆಸಿಡ್ ಅನ್ನು ಅಲ್ಲೇ ತಟಸ್ಥ ಮಾಡುತ್ತವೆ. ಕೆಲವೇ ನಿಮಿಷದಲ್ಲಿ ಆರಾಮ, ಆದರೆ ಖಾಲಿ ಹೊಟ್ಟೆಯಲ್ಲಿ ಕುಡಿದರೆ ಅರ್ಧ ಗಂಟೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಊಟ ಆಗಿ ಒಂದು ಗಂಟೆ ಬಿಟ್ಟು ತಗೊಂಡರೆ ಹೆಚ್ಚು ಹೊತ್ತು ಉಳಿಯುತ್ತದೆ. ಮೆಗ್ನೀಸಿಯಂ ಇರುವವು ಬೇಧಿ ಮಾಡಿಸಬಹುದು, ಅಲ್ಯೂಮಿನಿಯಂ ಇರುವವು ಮಲಬದ್ಧತೆ. ಅದಕ್ಕೇ ಎರಡನ್ನೂ ಸೇರಿಸಿ ಮಾಡಿರುತ್ತಾರೆ.

ಎರಡನೆಯದು ಎಚ್2 ಬ್ಲಾಕರ್. ಫ್ಯಾಮೋಟಿಡಿನ್, ರಾನಿಟಿಡಿನ್. ಆಸಿಡ್ ತಯಾರಿಸು ಅಂತ ಹಿಸ್ಟಮಿನ್ ಕೊಡುವ ಸೂಚನೆಯನ್ನು ಇವು ತಡೆಯುತ್ತವೆ. ಅರ್ಧದಿಂದ ಒಂದು ಗಂಟೆಯಲ್ಲಿ ಶುರುವಾಗಿ ಎಂಟು ಹತ್ತು ಗಂಟೆ ಕೆಲಸ ಮಾಡುತ್ತವೆ. ದಿನಾ ತಗೊಂಡರೆ ಒಂದೆರಡು ವಾರದಲ್ಲಿ ಮೈ ಒಗ್ಗಿಹೋಗಿ ಪರಿಣಾಮ ಕಡಿಮೆಯಾಗುತ್ತದೆ, ಆದ್ದರಿಂದ ಯಾವಾಗಲೋ ಒಮ್ಮೆ ಬರುವ ರಾತ್ರಿ ಉರಿಗೆ ಇವು ಚೆನ್ನ.

ಮೂರನೆಯದು ಪಿಪಿಐ ಗುಂಪು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಎಸೊಮೆಪ್ರಜೋಲ್. ಕೊನೆಗೆ "ಪ್ರಜೋಲ್" ಅಂತ ಬಂದರೆ ಹೆಚ್ಚಾಗಿ ಇದೇ ಗುಂಪು ಅಂತ ತಿಳಿಯಿರಿ. ಹೊಟ್ಟೆಯ ಗೋಡೆಯ ಕೋಶಗಳಲ್ಲಿ ಆಸಿಡ್ ಹೊರಗೆ ಹಾಕುವ ಪಂಪ್‌ಗಳಿವೆ, ಇವು ಆ ಪಂಪನ್ನೇ ಬಂದ್ ಮಾಡುತ್ತವೆ. ಎಲ್ಲಕ್ಕಿಂತ ಬಲವಾದವು, ಆದರೆ ತಕ್ಷಣ ಆರಾಮ ಕೊಡುವುದಿಲ್ಲ. ಪೂರ್ತಿ ಪರಿಣಾಮಕ್ಕೆ ಮೂರು ನಾಲ್ಕು ದಿನ ಬೇಕು. ಮದುವೆ ಊಟ ಜಾಸ್ತಿಯಾಗಿ ಉರಿ ಬಂದಾಗ ಒಂದು ಪ್ಯಾನ್ 40 (ಪ್ಯಾಂಟೊಪ್ರಜೋಲ್ ಮಾತ್ರೆ) ನುಂಗಿದರೆ ಆ ಹೊತ್ತಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ, ಆಗ ಬೇಕಾದದ್ದು ಆಂಟಾಸಿಡ್.

ಈಚೆಗೆ ವೊನೊಪ್ರಾಜಾನ್ ಎನ್ನುವುದೂ ಬಂದಿದೆ. ಅದೂ ಪಂಪನ್ನೇ ತಡೆಯುತ್ತದೆ, ಆದರೆ ಬೇರೆ ರೀತಿಯಲ್ಲಿ, ಬೇಗ ಕೆಲಸ ಶುರು ಮಾಡುತ್ತದೆ. ಸುಕ್ರಾಲ್ಫೇಟ್ ಸಿರಪ್ ಆಸಿಡ್ ಕಡಿಮೆ ಮಾಡುವುದಿಲ್ಲ, ಹುಣ್ಣಿನ ಮೇಲೆ ಪದರದ ಹಾಗೆ ಕೂರುತ್ತದೆ.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ತಗೊಳ್ಳುವ ಸರಿಯಾದ ಹೊತ್ತು ಯಾವುದು?

ಊಟ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು. ಸಾಮಾನ್ಯವಾಗಿ ಬೆಳಗಿನ ತಿಂಡಿಗೆ ಮುಂಚೆ.

"ಖಾಲಿ ಹೊಟ್ಟೆಗೆ" ಅಂತ ಹೇಳಿದ್ದನ್ನು ಅರ್ಧ ಮಾತ್ರ ಹಿಡಿದುಕೊಳ್ಳುವವರು ಜಾಸ್ತಿ. ಬೆಳಗ್ಗೆ ಆರಕ್ಕೆ ಮಾತ್ರೆ ನುಂಗುತ್ತಾರೆ, ಬರೀ ಕಾಫಿ ಕುಡಿದು ಹೊಲಕ್ಕೋ ಆಫೀಸಿಗೋ ಹೋಗುತ್ತಾರೆ, ತಿಂಡಿ ತಿನ್ನುವುದು ಹತ್ತೂವರೆಗೆ. ಆಗ ಮಾತ್ರೆಯ ಕೆಲಸ ಅರ್ಧಕ್ಕರ್ಧ ಕೆಡುತ್ತದೆ. ಯಾಕೆಂದರೆ ಈ ಔಷಧಿ ಕೆಲಸ ಮಾಡುತ್ತಿರುವ ಪಂಪನ್ನು ಮಾತ್ರ ಹಿಡಿಯಬಲ್ಲದು, ಪಂಪ್‌ಗಳು ಎಚ್ಚರವಾಗುವುದು ಊಟ ಹೊಟ್ಟೆಗೆ ಬಿದ್ದಾಗ. ರಕ್ತದಲ್ಲಿ ಔಷಧಿ ಇರುವುದು ಕೆಲವೇ ಗಂಟೆ. ಆ ಹೊತ್ತಿನೊಳಗೆ ಊಟ ಬರಬೇಕು. ಒಮ್ಮೆ ಪಂಪಿಗೆ ಅಂಟಿಕೊಂಡರೆ ಆ ಪಂಪ್ ಕೆಟ್ಟಹಾಗೇ, ಹೊಸ ಪಂಪ್ ತಯಾರಾಗುವವರೆಗೆ ಪರಿಣಾಮ ಇರುತ್ತದೆ. ಅದಕ್ಕೇ ದಿನಕ್ಕೆ ಒಂದು ಮಾತ್ರೆ ಸಾಕು. ರಾತ್ರಿ ಊಟವಾದ ಮೇಲೆ, ಮಲಗುವ ಮುಂಚೆ ತಗೊಂಡು "ಏನೂ ಉಪಯೋಗ ಆಗ್ತಿಲ್ಲ" ಅನ್ನುವವರು ಮೊದಲು ಹೊತ್ತು ಬದಲಾಯಿಸಿ ನೋಡಿ. ರಾತ್ರಿ ಉರಿ ಜಾಸ್ತಿ ಇದ್ದರೆ ರಾತ್ರಿ ಊಟಕ್ಕೆ ಮುಂಚೆ ತಗೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ.

ಒಂದು ದಿನ ಮರೆತರೆ ಮಾರನೇ ದಿನ ಎರಡು ನುಂಗಬೇಡಿ.

ಅಜ್ಜಿಗೆ ನುಂಗಲು ಆಗುವುದಿಲ್ಲ. ಪುಡಿ ಮಾಡಿ ಕೊಡಬಹುದಾ?

ಬೇಡ. ಈ ಔಷಧಿ ಆಸಿಡ್‌ನಲ್ಲೇ ಕರಗಿ ಹಾಳಾಗುವಂಥದ್ದು. ಅದಕ್ಕಾಗಿ ಪ್ಯಾಂಟೊಪ್ರಜೋಲ್ ಮಾತ್ರೆಗೆ ಮೇಲೊಂದು ಲೇಪ ಕೊಟ್ಟಿರುತ್ತಾರೆ, ಹೊಟ್ಟೆ ದಾಟಿ ಕರುಳಿಗೆ ಹೋದಮೇಲೆ ಕರಗಲಿ ಅಂತ. ಕುಟ್ಟಿದರೆ, ಅಗಿದರೆ, ಎರಡು ತುಂಡು ಮಾಡಿದರೆ ಲೇಪ ಒಡೆಯುತ್ತದೆ. ಒಮೆಪ್ರಜೋಲ್ ಕ್ಯಾಪ್ಸೂಲ್ ಬಿಚ್ಚಿದರೆ ಒಳಗೆ ಸಾಬಕ್ಕಿಗಿಂತ ಸಣ್ಣ ಬಿಳಿ ಕಾಳುಗಳು ಕಾಣುತ್ತವೆ, ಆ ಒಂದೊಂದು ಕಾಳಿಗೂ ಲೇಪ ಇರುತ್ತದೆ. ನುಂಗಲು ಕಷ್ಟ ಇರುವವರಿಗೆ ಅಂಥ ಕ್ಯಾಪ್ಸೂಲ್ ಬಿಚ್ಚಿ ಕಾಳುಗಳನ್ನು ಅಗಿಯದೆ ನುಂಗಿಸುವ ಕ್ರಮ ಇದೆ. ಎಲ್ಲ ಕಂಪನಿಯದಕ್ಕೂ ಅದು ನಡೆಯುವುದಿಲ್ಲ, ಆದ್ದರಿಂದ ಸ್ಟ್ರಿಪ್ ತೋರಿಸಿ ಕೇಳಿ.

ಎಷ್ಟು ದಿನ ತಗೊಳ್ಳಬೇಕು?

ಕಾರಣ ಏನು ಅನ್ನುವುದರ ಮೇಲೆ ಹೋಗುತ್ತದೆ. ಎದೆಯುರಿಗೆ, ಹೊಟ್ಟೆ ಹುಣ್ಣಿಗೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ. ಅಷ್ಟರ ಮೇಲೆ ಡಾಕ್ಟರ್ ಮತ್ತೆ ನೋಡಿ ಮುಂದುವರಿಸಬೇಕಾ, ಡೋಸ್ ಇಳಿಸಬೇಕಾ, ನಿಲ್ಲಿಸಬೇಕಾ ಅಂತ ತೀರ್ಮಾನಿಸಬೇಕು.

ನಮ್ಮಲ್ಲಿ ಆಗುವುದು ಬೇರೆ. ಎರಡು ವಾರಕ್ಕೆ ಬರೆದ ಚೀಟಿ ಹಳದಿ ಬಣ್ಣಕ್ಕೆ ತಿರುಗಿ, ಮಡಿಚಿದ ಕಡೆ ಹರಿದು, ಪ್ಲಾಸ್ಟಿಕ್ ಕವರಿನೊಳಗೆ ಸೇರಿರುತ್ತದೆ, ಮಾತ್ರೆ ಮಾತ್ರ ಇನ್ನೂ ನಡೆಯುತ್ತಿರುತ್ತದೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ನಿಯಮದ ಪ್ರಕಾರ ಡಾಕ್ಟರ್ ಚೀಟಿ ಇದ್ದರೆ ಮಾತ್ರ ಕೊಡಬೇಕಾದ ಔಷಧಿಗಳು. ಬಾಯಲ್ಲಿ ಹೇಳಿದರೂ ಸಿಗುತ್ತದೆ ಅನ್ನುವುದು ನಮ್ಮ ವೃತ್ತಿಯವರೂ ಸೇರಿ ಸರಿಮಾಡಬೇಕಾದ ವಿಷಯ. ಮುಂದಿನ ಸಲ ಡಾಕ್ಟರ್ ಈ ಮಾತ್ರೆ ಬರೆದಾಗ ಅಲ್ಲೇ ಕೇಳಿ: "ಸಾರ್, ಇದು ಯಾಕೆ, ಯಾವತ್ತಿಗೆ ನಿಲ್ಲಿಸಬೇಕು?" ಉತ್ತರವನ್ನು ಚೀಟಿಯ ಮೇಲೇ ಬರೆಸಿಕೊಳ್ಳಿ.

ವರ್ಷಗಟ್ಟಲೆ ತಗೊಂಡರೆ ಕಿಡ್ನಿ ಹೋಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವಾ?

ಅಷ್ಟು ಹೆದರುವುದೂ ಬೇಡ, ಪೂರ್ತಿ ತಳ್ಳಿಹಾಕುವುದೂ ಬೇಡ. ಪಿಪಿಐ ತಗೊಂಡ ಕೆಲವರಿಗೆ ಕಿಡ್ನಿಯಲ್ಲಿ ಅಲರ್ಜಿಯ ಹಾಗೆ ಉರಿಯೂತ ಆಗುತ್ತದೆ, ಇದು ಅಪರೂಪ, ಆದರೆ ನಿಜ. ಕೆಲವೇ ವಾರದಲ್ಲೂ ಆಗಬಹುದು. ಮೂತ್ರ ಕಡಿಮೆಯಾಗುವುದು, ಕಾರಣವಿಲ್ಲದೆ ಜ್ವರ, ಮೈಮೇಲೆ ದದ್ದು, ವಿಪರೀತ ಸುಸ್ತು ಕಂಡರೆ ತಕ್ಷಣ ತೋರಿಸಿ. ನಿಧಾನವಾಗಿ ಕಿಡ್ನಿ ಹಾಳಾಗುವುದಕ್ಕೂ ಈ ಮಾತ್ರೆಗೂ ನಂಟು ಇದೆ ಅಂತ ಕೆಲವು ಅಧ್ಯಯನಗಳು ಹೇಳಿವೆ, ಆದರೆ ಅವು ಮಾತ್ರೆ ತಗೊಂಡವರ ದಾಖಲೆ ನೋಡಿ ಲೆಕ್ಕ ಹಾಕಿದವು. ಈ ಮಾತ್ರೆ ತಗೊಳ್ಳುವವರಿಗೆ ಮೊದಲೇ ಬೇರೆ ಕಾಯಿಲೆಗಳು ಜಾಸ್ತಿ ಇರುತ್ತವೆ, ಆದ್ದರಿಂದ ಮಾತ್ರೆಯೇ ಕಾರಣ ಅಂತ ಹೇಳುವುದು ಕಷ್ಟ.

2019ರಲ್ಲಿ ಪ್ರಕಟವಾದ ಕಂಪಾಸ್ ಎಂಬ ದೊಡ್ಡ ಪ್ರಯೋಗದಲ್ಲಿ ಹೃದಯ ಅಥವಾ ರಕ್ತನಾಳದ ಕಾಯಿಲೆ ಇದ್ದ ಸುಮಾರು 17,600 ಜನರಲ್ಲಿ ಅರ್ಧ ಜನಕ್ಕೆ ಪ್ಯಾಂಟೊಪ್ರಜೋಲ್, ಅರ್ಧ ಜನಕ್ಕೆ ಔಷಧಿಯಿಲ್ಲದ ಮಾತ್ರೆ ಕೊಟ್ಟು ಸರಾಸರಿ ಮೂರು ವರ್ಷ ಗಮನಿಸಿದರು. ಕರುಳಿನ ಸೋಂಕು ಮಾತ್ರ ಪ್ಯಾಂಟೊಪ್ರಜೋಲ್ ಗುಂಪಿನಲ್ಲಿ ಸ್ವಲ್ಪ ಜಾಸ್ತಿ ಕಂಡಿತು, ಕಿಡ್ನಿ ಕಾಯಿಲೆ, ಮೂಳೆ ಮುರಿತ, ಮರೆವಿನ ಕಾಯಿಲೆಗಳಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಇದು ಸಮಾಧಾನದ ಸುದ್ದಿ. ಆದರೆ ಮೂರು ವರ್ಷ ಬೇರೆ, ಹದಿನೈದು ವರ್ಷ ಬೇರೆ.

ನಮ್ಮ ಊರಿನ ಲೆಕ್ಕದಲ್ಲಿ ನನಗೆ ಹೆಚ್ಚು ಕಾಳಜಿ ಇರುವುದು ಬಿ12 ಬಗ್ಗೆ. ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕಡಿಮೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುವವರಲ್ಲಿ ಇನ್ನೂ ಕಡಿಮೆ. ಅದರ ಮೇಲೆ ವರ್ಷಗಟ್ಟಲೆ ಪಿಪಿಐ ಸೇರಿದರೆ ಕೈಕಾಲು ಜೋಮು, ಪಾದ ಉರಿ, ಮರೆವು, ಸುಸ್ತು ಬರಬಹುದು, ಅದನ್ನು ವಯಸ್ಸಾಯಿತು ಅಂತ ಬಿಟ್ಟುಬಿಡುತ್ತಾರೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವ, ಸುಲಭವಾಗಿ ಸರಿಹೋಗುವ ವಿಷಯ. ಮೆಗ್ನೀಸಿಯಂ ಕೂಡ ಇಳಿಯಬಹುದು, ಹೆಚ್ಚಾಗಿ ಒಂದು ವರ್ಷಕ್ಕಿಂತ ಹೆಚ್ಚು ತಗೊಂಡವರಲ್ಲಿ. ಸ್ನಾಯು ಸೆಳೆತ, ಎದೆ ಬಡಿತದ ಏರುಪೇರು ಅದರ ಲಕ್ಷಣ. ಈ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಎಚ್ಚರಿಸಿದೆ. ಲಿವರ್ ಸಿರೋಸಿಸ್ ಇರುವವರು ಸೋಂಕಿನ ಕಾರಣಕ್ಕೆ ಹೆಚ್ಚು ಎಚ್ಚರ ವಹಿಸಬೇಕು.

ನಿಲ್ಲಿಸಿದರೆ ಮೊದಲಿಗಿಂತ ಜಾಸ್ತಿ ಉರಿಯುತ್ತದೆ. ಹಾಗಾದರೆ ನನಗೆ ಜೀವನಪೂರ್ತಿ ಬೇಕು ಅಂತಲೇ ಅಲ್ವಾ?

ಅಲ್ಲದೇ ಇರಬಹುದು. ತಿಂಗಳುಗಟ್ಟಲೆ ಆಸಿಡ್ ತಡೆದಾಗ ದೇಹ ಗ್ಯಾಸ್ಟ್ರಿನ್ ಎಂಬ ಹಾರ್ಮೋನ್ ಜಾಸ್ತಿ ಮಾಡುತ್ತದೆ, ಆಸಿಡ್ ತಯಾರಿಸುವ ವ್ಯವಸ್ಥೆ ದೊಡ್ಡದಾಗುತ್ತದೆ. ಮಾತ್ರೆ ಥಟ್ಟನೆ ನಿಲ್ಲಿಸಿದಾಗ ಆಸಿಡ್ ಒಂದೇ ಸಲ ನುಗ್ಗುತ್ತದೆ. 2009ರಲ್ಲಿ ಡೆನ್ಮಾರ್ಕ್‌ನಲ್ಲಿ ಯಾವ ಹೊಟ್ಟೆ ತೊಂದರೆಯೂ ಇಲ್ಲದ 120 ಜನರ ಮೇಲೆ ನಡೆದ ಪ್ರಯೋಗದಲ್ಲಿ ಎಂಟು ವಾರ ಎಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದಾಗ ನೂರಕ್ಕೆ 44 ಜನಕ್ಕೆ ಎದೆಯುರಿ, ಹುಳಿತೇಗಿನಂಥ ತೊಂದರೆ ಬಂತು, ಸುಳ್ಳು ಮಾತ್ರೆ ತಗೊಂಡವರಲ್ಲಿ ಅದು 15. ಅಂದರೆ ಆರೋಗ್ಯವಂತರಿಗೂ ಮಾತ್ರೆ ಬಿಟ್ಟಾಗ ಉರಿ ಬರುತ್ತದೆ. ಆ ಉರಿ ಹಳೇ ಕಾಯಿಲೆಯೇ ಆಗಿರಬೇಕಿಲ್ಲ, ಕೆಲವು ವಾರದಲ್ಲಿ ತಾನಾಗಿ ಇಳಿಯುತ್ತದೆ.

ಬಿಡುವುದು ಹೀಗೆ, ಡಾಕ್ಟರ್ ಒಪ್ಪಿದ ಮೇಲೆ. 40 ಮಿಲಿಗ್ರಾಂ ಇದ್ದರೆ 20ಕ್ಕೆ ಇಳಿಸಿ ಎರಡು ವಾರ. ಆಮೇಲೆ ದಿನ ಬಿಟ್ಟು ದಿನ ಇನ್ನೆರಡು ವಾರ. ಆಮೇಲೆ ನಿಲ್ಲಿಸಿ. ನಡುವೆ ಉರಿ ಬಂದರೆ ಆಂಟಾಸಿಡ್ ಅಥವಾ ಫ್ಯಾಮೋಟಿಡಿನ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಹಬ್ಬದ ವಾರ, ಮನೆಯಲ್ಲಿ ಮದುವೆ ಇರುವ ತಿಂಗಳು ಶುರು ಮಾಡಬೇಡಿ, ಊಟ ನಿದ್ದೆ ಎರಡೂ ಹಿಡಿತದಲ್ಲಿ ಇರುವುದಿಲ್ಲ. ತಿಂಗಳಾದರೂ ಉರಿ ಇಳಿಯದಿದ್ದರೆ ಮತ್ತೆ ತೋರಿಸಿ. ಕೆಲವರಿಗೆ ನಿಜವಾಗಿಯೂ ಕಡಿಮೆ ಡೋಸಿನಲ್ಲಿ ಮುಂದುವರಿಸಬೇಕಾಗುತ್ತದೆ, ಅದು ತಪ್ಪಲ್ಲ.

ಯಾರು ನಿಲ್ಲಿಸಲೇಬಾರದು?

ಹಾರ್ಟಿಗೆ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್ ಜೊತೆ ಕ್ಲೊಪಿಡೋಗ್ರೆಲ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಹಿಂದೆ ಹುಣ್ಣಿನಿಂದ ರಕ್ತಸ್ರಾವ ಆದವರು, ಸಂಧಿವಾತಕ್ಕೆ ದಿನಾ ನೋವಿನ ಮಾತ್ರೆ ಬೇಕಾದ ವಯಸ್ಸಾದವರು, ಅನ್ನನಾಳದಲ್ಲಿ ಜೋರು ಹುಣ್ಣಾದವರು, ಬ್ಯಾರೆಟ್ಸ್ (ಆಸಿಡ್ ತಾಗಿ ತಾಗಿ ಅನ್ನನಾಳದ ಒಳಪದರ ಬದಲಾಗಿರುವುದು) ಅಂತ ಎಂಡೋಸ್ಕೋಪಿಯಲ್ಲಿ (ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಪರೀಕ್ಷೆ) ಬಂದವರು. ಇವರಿಗೆ ಈ ಮಾತ್ರೆ ಕಾವಲು. ಕಿಡ್ನಿ ಭಯಕ್ಕೆ ಬಿಟ್ಟು ರಕ್ತ ವಾಂತಿಯಾಗಿ ಆಸ್ಪತ್ರೆ ಸೇರುವ ಹಾಗೆ ಆಗಬಾರದು.

ಆಂಟಿಬಯೋಟಿಕ್, ಡೋಲೋ ಜೊತೆ ಗ್ಯಾಸ್ಟ್ರಿಕ್ ಮಾತ್ರೆ ಬೇಕೇ ಬೇಕಾ?

ಡೋಲೋ ಅಂದರೆ ಪ್ಯಾರಾಸಿಟಮಾಲ್. ಅದು ಹೊಟ್ಟೆ ಸುಡುವ ಜಾತಿಯದಲ್ಲ, ಜೊತೆಗೆ ಏನೂ ಬೇಡ. ಐದು ದಿನದ ಆಂಟಿಬಯೋಟಿಕ್‌ಗೂ ಸಾಮಾನ್ಯವಾಗಿ ಬೇಡ. ಆಂಟಿಬಯೋಟಿಕ್‌ನಿಂದ ಆಗುವ ವಾಕರಿಕೆ, ಬೇಧಿ ಆಸಿಡ್‌ನಿಂದ ಆಗುವುದಲ್ಲ, ಹಾಗಾಗಿ ಆಸಿಡ್ ಮಾತ್ರೆ ಅದನ್ನು ತಡೆಯುವುದಿಲ್ಲ.

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳ ಕಥೆ ಬೇರೆ. ಅವು ಹೊಟ್ಟೆಯ ರಕ್ಷಣಾ ಪದರವನ್ನೇ ಕೆಡಿಸುತ್ತವೆ. ಅರವತ್ತು ದಾಟಿದವರಿಗೆ, ಹಿಂದೆ ಹುಣ್ಣಾದವರಿಗೆ, ಸ್ಟೀರಾಯ್ಡ್ ಅಥವಾ ಆಸ್ಪಿರಿನ್ ಕೂಡ ತಗೊಳ್ಳುವವರಿಗೆ ಅವುಗಳ ಜೊತೆ ಪಿಪಿಐ ಬೇಕು. ಇಪ್ಪತ್ತೈದರ ಹುಡುಗನಿಗೆ ಹಲ್ಲುನೋವಿಗೆ ಎರಡು ದಿನದ ಮಾತ್ರೆಗೆ ಊಟದ ನಂತರ ತಗೊಂಡರೆ ಸಾಕಾಗುತ್ತದೆ.

ಪ್ಯಾನ್ ಮತ್ತು ಪ್ಯಾನ್-ಡಿ ಒಂದೇ ತಾನೇ?

ಒಂದೇ ಅಲ್ಲ. ಪ್ಯಾನ್-ಡಿಯಲ್ಲಿ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಜೊತೆ ಡೊಂಪೆರಿಡೋನ್ 30 ಮಿಲಿಗ್ರಾಂ ಇದೆ, ನಿಧಾನವಾಗಿ ಬಿಡುಗಡೆಯಾಗುವ ರೂಪದಲ್ಲಿ. ಹೆಸರಿನ ಕೊನೆಗೆ "ಡಿ" ಅಥವಾ "ಡಿಎಸ್ಆರ್" ಇರುವ ಈ ಜಾತಿಯ ಕ್ಯಾಪ್ಸೂಲ್‌ಗಳಲ್ಲಿ ಸಾಮಾನ್ಯವಾಗಿ ಹೀಗೇ. ಡೊಂಪೆರಿಡೋನ್ ವಾಂತಿ ವಾಕರಿಕೆಗೆ ಕೊಡುವ ಔಷಧಿ. ಅದು ಕೆಲವರಲ್ಲಿ ಹೃದಯ ಬಡಿತದ ಲಯ ಕೆಡಿಸಬಹುದು. ಅದಕ್ಕಾಗಿ ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆ 2014ರಲ್ಲಿ ಅದನ್ನು ವಾಂತಿ ವಾಕರಿಕೆಗೆ ಮಾತ್ರ, ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚಿಲ್ಲದ ಹಾಗೆ ಕೊಡಬೇಕು, ಎದೆಯುರಿಗೆ ಹೊಟ್ಟೆಯುಬ್ಬರಕ್ಕೆ ಕೊಡಬಾರದು ಅಂತ ಹೇಳಿತು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆಯೇ ಇಲ್ಲ.

ಇಲ್ಲಿ ಜನ ಅದನ್ನೇ ತಿಂಗಳುಗಟ್ಟಲೆ ತಗೊಳ್ಳುತ್ತಾರೆ, "ಡಿ ಇದ್ದರೆ ಸ್ಟ್ರಾಂಗು" ಅಂತ. ಹಾರ್ಟ್ ತೊಂದರೆ ಇರುವವರು, ಅರವತ್ತು ದಾಟಿದವರು, ಕ್ಲಾರಿಥ್ರೊಮೈಸಿನ್ ಆಂಟಿಬಯೋಟಿಕ್, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್‌ನಂಥ ಔಷಧಿ ತಗೊಳ್ಳುತ್ತಿರುವವರು ದಯವಿಟ್ಟು ಸ್ಟ್ರಿಪ್ ತಿರುಗಿಸಿ ನೋಡಿ. ವಾಂತಿ ಇಲ್ಲದಿದ್ದರೆ "ಡಿ ಇಲ್ಲದ್ದು ಸಾಕಾ?" ಅಂತ ಡಾಕ್ಟರನ್ನು ಕೇಳಿ. ಈ ಇಡೀ ಪುಟದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ, ಎದೆನೋವಿನ ವಿಷಯ ಬಿಟ್ಟರೆ, ಇದು.

ರಾನಿಟಿಡಿನ್ ಕ್ಯಾನ್ಸರ್ ತರುತ್ತದೆ ಅಂತಾರಲ್ಲ?

2019ರಲ್ಲಿ ರಾನಿಟಿಡಿನ್ ಮಾತ್ರೆಗಳಲ್ಲಿ ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಹುದಾದ ಕಲ್ಮಶ ಕಂಡುಬಂತು. ಮಾತ್ರೆ ಹಳೆಯದಾದಷ್ಟೂ, ಬಿಸಿಯಲ್ಲಿ ಇಟ್ಟಷ್ಟೂ ಅದು ಜಾಸ್ತಿಯಾಗುತ್ತದೆ ಅಂತ ಗೊತ್ತಾಗಿ 2020ರ ಏಪ್ರಿಲ್‌ನಲ್ಲಿ ಅಮೆರಿಕ ಮಾರುಕಟ್ಟೆಯಿಂದ ಪೂರ್ತಿ ವಾಪಸ್ ತೆಗೆಸಿತು. ಭಾರತದಲ್ಲಿ 2022ರ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಿಂದ ರಾನಿಟಿಡಿನ್ ಕೈಬಿಟ್ಟರು, ಆದರೆ ನಿಷೇಧ ಮಾಡಿಲ್ಲ. ಹಿಂದೆ ಒಂದಿಷ್ಟು ನುಂಗಿದ್ದಕ್ಕೆ ಹೆದರಬೇಕಾಗಿಲ್ಲ. ಈಗಲೂ ದಿನಾ ತಗೊಳ್ಳುತ್ತಿದ್ದರೆ ಬದಲಾಯಿಸಿ ಕೊಡಿ ಅಂತ ಕೇಳಿ, ಫ್ಯಾಮೋಟಿಡಿನ್ ಇದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಯಾವ ಮಾತ್ರೆಯನ್ನೂ ಇಡಬೇಡಿ.

ದಿನಾ ಈನೋ ಕುಡಿದರೆ ಏನಾಗುತ್ತದೆ?

ಅದರಲ್ಲಿರುವುದು ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಸಿಡ್. ಒಂದು ಪೊಟ್ಟಣದಲ್ಲಿ ಅರ್ಧ ಗ್ರಾಂಗಿಂತ ಹೆಚ್ಚು ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿ 2 ಗ್ರಾಂ. ಊಟದಲ್ಲಿ ಉಪ್ಪಿನಕಾಯಿ ಬಿಟ್ಟಿರುವ ಬಿಪಿ ರೋಗಿ ರಾತ್ರಿ ಈನೋ ಕುಡಿದರೆ ಬಿಟ್ಟದ್ದೆಲ್ಲ ವಾಪಸ್ ಬಂದಹಾಗೆ. ಬಿಪಿ, ಹಾರ್ಟ್, ಕಿಡ್ನಿ, ಕಾಲು ಬಾವು ಇರುವವರಿಗೆ ಬೇಡ. ಅಪರೂಪಕ್ಕೆ ಒಮ್ಮೆ ಪರವಾಗಿಲ್ಲ, ವಾರಕ್ಕೆ ಎರಡು ಮೂರು ಸಲ ಬೇಕಾಗುತ್ತಿದ್ದರೆ ಡಾಕ್ಟರ್ ನೋಡಬೇಕು. ಕಿಡ್ನಿ ತೊಂದರೆ ಇರುವವರು ಜೆಲುಸಿಲ್, ಡೈಜೀನ್ ಕೂಡ ಕೇಳದೆ ತಗೊಳ್ಳಬಾರದು, ಅಲ್ಯೂಮಿನಿಯಂ ಮೆಗ್ನೀಸಿಯಂ ಮೈಯಲ್ಲಿ ಉಳಿದುಬಿಡುತ್ತದೆ.

ಥೈರಾಯ್ಡ್, ಕಬ್ಬಿಣ, ಹಾರ್ಟ್ ಮಾತ್ರೆ ಇದೆ. ಒಟ್ಟಿಗೆ ನುಂಗಬಹುದಾ?

ಥೈರಾಯ್ಡ್ ಮಾತ್ರೆಯೂ ಖಾಲಿ ಹೊಟ್ಟೆಗೆ, ಇದೂ ಖಾಲಿ ಹೊಟ್ಟೆಗೆ, ಅಂತ ಎರಡನ್ನೂ ಒಂದೇ ಗುಟುಕಿಗೆ ನುಂಗುವವರೇ ಜಾಸ್ತಿ. ಥೈರಾಕ್ಸಿನ್ ಮೊದಲು, ಬರೀ ನೀರಿನ ಜೊತೆ. ಅರ್ಧ ಗಂಟೆ ಬಿಟ್ಟು ಪಿಪಿಐ, ಮತ್ತೆ ಅರ್ಧ ಗಂಟೆ ಬಿಟ್ಟು ತಿಂಡಿ. ಅಷ್ಟು ಹೊತ್ತು ಕಾಯಲು ಆಗದಿದ್ದರೆ ಪಿಪಿಐಯನ್ನು ರಾತ್ರಿ ಊಟದ ಮುಂಚೆಗೆ ಬದಲಾಯಿಸಬಹುದಾ ಅಂತ ಕೇಳಿ. ಪಿಪಿಐ ಶುರು ಮಾಡಿದ ಮೇಲೆ ಟಿಎಸ್ಎಚ್ (ಥೈರಾಯ್ಡ್ ರಕ್ತ ಪರೀಕ್ಷೆಯ ಅಂಕಿ) ಏರುಪೇರಾಗಬಹುದು, ಒಮ್ಮೆ ಪರೀಕ್ಷೆ ಮಾಡಿಸಿ. ಆಂಟಾಸಿಡ್ ಸಿರಪ್‌ಗೆ ಥೈರಾಕ್ಸಿನ್‌ನಿಂದ ನಾಲ್ಕು ಗಂಟೆ ಅಂತರ ಬೇಕು.

ಕಬ್ಬಿಣದ ಮಾತ್ರೆ, ಸಿಪ್ರೊಫ್ಲೊಕ್ಸಾಸಿನ್, ಡಾಕ್ಸಿಸೈಕ್ಲಿನ್ ಆಂಟಿಬಯೋಟಿಕ್ ಇದ್ದರೂ ಆಂಟಾಸಿಡ್‌ಗೆ ಎರಡು ಗಂಟೆಯಾದರೂ ಅಂತರ ಕೊಡಿ, ಇಲ್ಲದಿದ್ದರೆ ಅವು ಒಂದಕ್ಕೊಂದು ಅಂಟಿಕೊಂಡು ಮೈಗೆ ಹತ್ತುವುದಿಲ್ಲ. ರಕ್ತಹೀನತೆಗೆ ಎಷ್ಟು ಕಬ್ಬಿಣ ತಗೊಂಡರೂ ಏರುತ್ತಿಲ್ಲ ಅಂದರೆ, ದಿನಾ ತಗೊಳ್ಳುವ ಪಿಪಿಐ ಬಗ್ಗೆ ಡಾಕ್ಟರಿಗೆ ಹೇಳಿ.

ಕ್ಲೊಪಿಡೋಗ್ರೆಲ್ ತಗೊಳ್ಳುವವರು ಒಮೆಪ್ರಜೋಲ್, ಎಸೊಮೆಪ್ರಜೋಲ್ ತಗೊಳ್ಳಬಾರದು. ಅವು ಕ್ಲೊಪಿಡೋಗ್ರೆಲ್ ಕೆಲಸವನ್ನು ಕುಗ್ಗಿಸುತ್ತವೆ. ಅದಕ್ಕೇ ಹಾರ್ಟ್ ಡಾಕ್ಟರುಗಳು ಪ್ಯಾಂಟೊಪ್ರಜೋಲ್ ಬರೆಯುತ್ತಾರೆ. ಅಂಗಡಿಯಲ್ಲಿ "ಅದಿಲ್ಲ, ಇದೂ ಅದೇ ತರ" ಅಂತ ಒಮೆಪ್ರಜೋಲ್ ಕೊಟ್ಟರೆ ತಗೊಳ್ಳಬೇಡಿ. ಎಚ್‌ಐವಿ, ಫಂಗಸ್, ಮೆಥೊಟ್ರೆಕ್ಸೇಟ್ ಔಷಧಿ ತಗೊಳ್ಳುವವರೂ ಕೇಳದೆ ಶುರು ಮಾಡಬಾರದು.

ಬಸುರಿಯರಿಗೆ?

ಕೊನೆಯ ತಿಂಗಳುಗಳಲ್ಲಿ ಎದೆಯುರಿ ತುಂಬಾ ಸಾಮಾನ್ಯ. ಮೊದಲು ಸ್ವಲ್ಪ ಸ್ವಲ್ಪ ಊಟ, ತಲೆ ಎತ್ತರಿಸಿ ಮಲಗುವುದು. ಸಾಲದಿದ್ದರೆ ಡಾಕ್ಟರ್ ಹೇಳಿದ ಆಂಟಾಸಿಡ್. ಸೋಡಾ ಪುಡಿ ಬೇಡ. ಹೊಟ್ಟೆ ಮೇಲ್ಭಾಗದ ನೋವಿನ ಜೊತೆ ತಲೆನೋವು, ಕಣ್ಣು ಮಂಜು, ಮುಖ ಊದಿದರೆ ಅದು ಬಿಪಿಯದ್ದಿರಬಹುದು, ತಕ್ಷಣ ಆಸ್ಪತ್ರೆ.

ಕೂಸು ಹಾಲು ಕಕ್ಕುತ್ತದೆ. ಕೊಡಬಹುದಾ?

ಕೊಡಬೇಡಿ. ಚೆನ್ನಾಗಿ ತೂಕ ಏರುತ್ತಿದ್ದು ಹಾಲು ಕಕ್ಕಿದರೆ ಔಷಧಿ ಬೇಡವೇ ಬೇಡ. ತೂಕ ಏರದಿದ್ದರೆ, ಹಸಿರು ವಾಂತಿ ಅಥವಾ ರಕ್ತ ಇದ್ದರೆ ಮಕ್ಕಳ ಡಾಕ್ಟರ್.

ಹೊಟ್ಟೆ ಉಬ್ಬರ, ಗ್ಯಾಸ್ ಹೋಗುವುದಕ್ಕೆ ಇವು ಕೆಲಸ ಮಾಡುತ್ತವಾ?

ಇಲ್ಲ. ಕರುಳಿನ ಗ್ಯಾಸಿಗೂ ಆಸಿಡಿಗೂ ಸಂಬಂಧ ಕಡಿಮೆ. ಮಲಬದ್ಧತೆ, ಹಾಲು ಅರಗದಿರುವುದು, ಗಬಗಬ ತಿನ್ನುವುದು, ಕಾಳುಗಳು ಇವನ್ನು ಮೊದಲು ನೋಡಿ.

ಎಂಡೋಸ್ಕೋಪಿ ಯಾವಾಗ ಬೇಕು?

ಅನ್ನ ನುಂಗುವಾಗ ಸಿಕ್ಕಿಕೊಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತ ವಾಂತಿ ಅಥವಾ ಡಾಂಬರಿನಂಥ ಕಪ್ಪು ಮಲ ಹೋದರೆ, ರಕ್ತ ಕಡಿಮೆಯಾಗಿದ್ದರೆ, ವಾಂತಿ ನಿಲ್ಲದಿದ್ದರೆ, ಐವತ್ತರ ಆಚೆ ಮೊದಲ ಸಲ ಇಂಥ ತೊಂದರೆ ಶುರುವಾದರೆ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದನ್ನು ನೀವೇ ತೀರ್ಮಾನ ಮಾಡಬೇಡಿ. ಇಂಥ ಲಕ್ಷಣ ಇದ್ದಾಗ ಮಾತ್ರೆ ನುಂಗುತ್ತಾ ದಿನ ತಳ್ಳಿದರೆ ಹೊಟ್ಟೆಯ ಕ್ಯಾನ್ಸರ್ ಕೂಡ ಸ್ವಲ್ಪ ಕಾಲ ಮುಚ್ಚಿಹೋಗಬಹುದು.

ಹುಣ್ಣಿದ್ದರೆ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆ ಕೇಳಿ. ಹಿಂದೆ ಹುಣ್ಣು ಬರುವುದು ಚಿಂತೆ ಮತ್ತು ಖಾರದಿಂದ ಅಂತ ನಂಬಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದು ಬ್ಯಾಕ್ಟೀರಿಯಾದ ಕೆಲಸ ಅಂತ ತೋರಿಸಿದರು. ನಂಬಿಸಲು ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಬ್ಯಾಕ್ಟೀರಿಯಾ ಇದ್ದರೆ ಸಾಮಾನ್ಯವಾಗಿ 14 ದಿನ ಆಂಟಿಬಯೋಟಿಕ್‌ಗಳ ಜೊತೆ ಪಿಪಿಐ ಕೊಡುತ್ತಾರೆ, ಕೋರ್ಸ್ ಪೂರ್ತಿ ಮುಗಿಸಬೇಕು. ಪರೀಕ್ಷೆಗೆ ಮುಂಚೆ ಎರಡು ವಾರ ಪಿಪಿಐ ನಿಲ್ಲಿಸದಿದ್ದರೆ ಇದ್ದರೂ ಇಲ್ಲ ಅಂತ ಬರಬಹುದು. ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಬರೆದುಕೊಟ್ಟವರನ್ನೇ ಕೇಳಿ.

ಮಾತ್ರೆ ಇಲ್ಲದೆ ಕಡಿಮೆ ಮಾಡಿಕೊಳ್ಳುವುದು ಹೇಗೆ?

ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ. ಇದೊಂದೇ ಅರ್ಧ ಜನಕ್ಕೆ ಸಾಕಾಗುತ್ತದೆ ಅಂತ ನನ್ನ ಅನಿಸಿಕೆ. ಹತ್ತೂವರೆಗೆ ಮುದ್ದೆ ಸಾರು ಉಂಡು ಹನ್ನೊಂದಕ್ಕೆ ಮಲಗಿದರೆ ಯಾವ ಮಾತ್ರೆ ತಾನೇ ಏನು ಮಾಡೀತು? ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಮರದ ದಿಮ್ಮಿ ಇಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸಿ. ದಿಂಬಿನ ಮೇಲೆ ದಿಂಬು ಹಾಕಿದರೆ ಹೊಟ್ಟೆ ಮಡಿಚಿ ಒತ್ತಡ ಜಾಸ್ತಿಯಾಗುತ್ತದೆ. ಎಡ ಮಗ್ಗುಲಿಗೆ ಮಲಗಿ. ಹೊಟ್ಟೆ ಬೊಜ್ಜು ಇಳಿಸಿದರೆ ಆಸಿಡ್ ಮೇಲೇರುವುದು ನಿಜವಾಗಿಯೂ ಕಡಿಮೆಯಾಗುತ್ತದೆ. ಸಿಗರೇಟು, ಗುಟ್ಕಾ, ಕುಡಿತ ಬಿಡಿ. ಕಾಫಿ, ಬಜ್ಜಿ, ಹುಳಿ, ಖಾರ ಎಲ್ಲರಿಗೂ ಆಗುವುದಿಲ್ಲ ಅಂತೇನಿಲ್ಲ, ಯಾವುದು ತಿಂದಾಗ ನಿಮಗೆ ಉರಿಯುತ್ತದೆ ಅಂತ ಎರಡು ವಾರ ಬರೆದಿಟ್ಟು ಅದನ್ನು ಮಾತ್ರ ಬಿಡಿ.

ತಣ್ಣನೆ ಹಾಲು ಕುಡಿದ ಕ್ಷಣ ಹಾಯೆನಿಸುತ್ತದೆ, ಆಮೇಲೆ ಹಾಲೇ ಆಸಿಡ್ ಜಾಸ್ತಿ ಮಾಡಿಸುತ್ತದೆ. ಮಜ್ಜಿಗೆ, ಜೀರಿಗೆ ಕಷಾಯ ಒಗ್ಗಿದರೆ ಕುಡಿಯಿರಿ, ಅವು ಹುಣ್ಣು ವಾಸಿ ಮಾಡುವುದಿಲ್ಲ ಅಷ್ಟೇ.

ಒಂದೆರಡೇ ಮಾತ್ರೆ ಕೊಂಡರೆ ಕತ್ತರಿಸಿ ಕೊಡುತ್ತಾರೆ. ಅದರಲ್ಲಿ ಹೆಸರೇ ಇರುವುದಿಲ್ಲ, ಏನು ಮಾಡೋದು?

ಕತ್ತರಿಯಿಂದ ಸ್ಟ್ರಿಪ್ ತುಂಡು ಮಾಡಿದಾಗ ಔಷಧಿಯ ಹೆಸರು ಒಂದು ತುಂಡಿಗೆ, ಎಕ್ಸ್‌ಪೈರಿ ಇನ್ನೊಂದು ತುಂಡಿಗೆ ಹೋಗುತ್ತದೆ. ಮನೆಗೆ ಹೋದ ಮೇಲೆ ಅದು ಪ್ಯಾನಾ, ಪ್ಯಾನ್-ಡಿನಾ, ಬಿಪಿ ಮಾತ್ರೆನಾ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕತ್ತರಿಸುವ ಮೊದಲು ಇಡೀ ಸ್ಟ್ರಿಪ್ ತೋರಿಸಿ ಅಂತ ಕೇಳಿ, ಹೆಸರು ಎಕ್ಸ್‌ಪೈರಿ ಎರಡನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ, ಬಿಲ್ ತಗೊಳ್ಳಿ. ಬೆಲೆ ಜಾಸ್ತಿ ಅನಿಸಿದರೆ ಜನೌಷಧಿ ಕೇಂದ್ರದಲ್ಲಿ ಚೀಟಿ ತೋರಿಸಿ, ಅದೇ ಪ್ಯಾಂಟೊಪ್ರಜೋಲ್ ತುಂಬಾ ಕಡಿಮೆಗೆ ಸಿಗುತ್ತದೆ. ಸಿರಪ್ ಆದರೆ ಚೆನ್ನಾಗಿ ಅಲುಗಾಡಿಸಿ, ಮುಚ್ಚಳದ ಅಳತೆಯಲ್ಲೇ ಕುಡಿಯಿರಿ, ಬಾಟಲಿಗೆ ಬಾಯಿಟ್ಟು ಬೇಡ.